ಕೆಪ್ಲರ್ ನೋಡಿದ ಹನ್ನೊಂದು ಹೆಣ್ಣುಗಳು: ಲೆಕ್ಕ ಹಾಕಿ ಜೊತೆ ಹುಡುಕಿದ ವಿಜ್ಞಾನಿಗಳಿಗೆ ಏನು ಸಿಕ್ಕಿತು?

ಮಣ್ಣಿನ ಹುಡುಗ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ವಯಸ್ಸು 31. ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿ ಹತ್ತು ತಿಂಗಳಾಯಿತು, ಇದುವರೆಗೆ ಆರು ಮನೆಗಳಿಗೆ ಹೋಗಿ ಬಂದಿದ್ದೇವೆ. ಮೊದಲೆರಡು ಮನೆಗಳಿಂದ ಬಂದಾಗ ಯಾರು ಏನು ಹೇಳಿದರು ಎಂಬುದೇ ಕಲಸಿಹೋಗಿತ್ತು. ಹಾಗಾಗಿ ಪ್ರಯೋಗಾಲಯದಲ್ಲಿ ಮಾದರಿಗಳಿಗೆ ಮಾಡುವಂತೆಯೇ ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಹದಿನಾಲ್ಕು ಕಾಲಂ ಮಾಡಿದೆ. ಓದು, ಕೆಲಸ, ಊರು, ಮಾತು, ಓದುವ ಹವ್ಯಾಸ, ಅಪ್ಪ ಅಮ್ಮನ ಸ್ವಭಾವ, ಹೀಗೆ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ.

ಕಳೆದ ವಾರ ಅದು ಅಮ್ಮನ ಕಣ್ಣಿಗೆ ಬಿತ್ತು. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪುಟ ತಿರುವಿ ಓದಿದರು. ಆಮೇಲೆ, "ಮೂರನೆಯ ಹುಡುಗಿಗೆ ಮಾತಿನಲ್ಲಿ ಒಂಬತ್ತು ಕೊಟ್ಟಿದ್ದೀಯಲ್ಲ, ಏನು ಮಾತಾಡಿದ್ದಕ್ಕೆ?" ಎಂದು ಕೇಳಿದರು. ನನಗೆ ನೆನಪಾಗಲಿಲ್ಲ. ಅಂಕ ಇದೆ, ಮಾತು ಇಲ್ಲ.

ಅಂದಿನಿಂದ, ಹೀಗೆ ಲೆಕ್ಕ ಹಾಕಿದ ವಿಜ್ಞಾನಿಗಳು ಯಾರಾದರೂ ಇದ್ದಾರೆಯೇ ಎಂದು ಹುಡುಕಿ ಓದುತ್ತಿದ್ದೇನೆ. ಮೊದಲು ಸಿಕ್ಕಿದವನು ಯೊಹಾನೆಸ್ ಕೆಪ್ಲರ್. ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಕಂಡುಹಿಡಿದವನು. 1611ರಲ್ಲಿ ಅವನ ಹೆಂಡತಿ ಬಾರ್ಬರಾ ತೀರಿಕೊಂಡಳು. ಅದೇ ವರ್ಷ ಆರು ವರ್ಷದ ಮಗನನ್ನೂ ಸಿಡುಬು ಒಯ್ದಿತು. ಉಳಿದ ಇಬ್ಬರು ಮಕ್ಕಳಿಗೆ ತಾಯಿ ಬೇಕು, ತನಗೆ ಸಂಗಾತಿ ಬೇಕು. ಪ್ರಾಗ್ ಬಿಟ್ಟು ಆಸ್ಟ್ರಿಯಾದ ಲಿಂಟ್ಸ್ ಪಟ್ಟಣಕ್ಕೆ ಬಂದ ಅವನು ಎರಡು ವರ್ಷಗಳಲ್ಲಿ ಹನ್ನೊಂದು ಸಂಬಂಧಗಳನ್ನು ನೋಡಿದ. 1613ರ ಅಕ್ಟೋಬರ್ 23ರಂದು ಒಬ್ಬ ಗಣ್ಯ ಪರಿಚಿತನಿಗೆ ಬರೆದ ಉದ್ದನೆಯ ಪತ್ರದಲ್ಲಿ ಹನ್ನೊಂದನ್ನೂ ಒಂದೊಂದಾಗಿ ವಿವರಿಸಿದ್ದಾನೆ. ಮೊದಲನೆಯವಳ ಬಾಯಿ ವಾಸನೆ ಬರುತ್ತಿತ್ತಂತೆ. ಮೂರನೆಯವಳು ಬೇರೊಬ್ಬನಿಗೆ ಮಾತು ಕೊಟ್ಟಿದ್ದಳು. ನಾಲ್ಕನೆಯವಳು ಎತ್ತರದ, ಗಟ್ಟಿಮುಟ್ಟಾದ ಹೆಣ್ಣು, ಬಂಧುಮಿತ್ರರೆಲ್ಲ ಅವಳನ್ನೇ ಮಾಡಿಕೋ ಎನ್ನುತ್ತಿದ್ದರು. ಅಷ್ಟರಲ್ಲಿ ಐದನೆಯವಳು ಕಣ್ಣಿಗೆ ಬಿದ್ದಳು: ಸುಸಾನಾ ರಾಯ್ಟಿಂಗರ್, ಬಡಗಿಯ ಮಗಳು, ತಬ್ಬಲಿ, 24 ವರ್ಷ. ಕೆಪ್ಲರ್ ತೂಗಾಡಿದ. ನಾಲ್ಕನೆಯವಳ ಕಡೆಗೆ ಮನಸ್ಸು ಮಾಡುವ ಹೊತ್ತಿಗೆ ಅವಳು ಕಾದು ಬೇಸತ್ತು ಬೇಡ ಎಂದುಬಿಟ್ಟಿದ್ದಳು. ಆಮೇಲೂ ಹನ್ನೊಂದರವರೆಗೆ ನೋಡುತ್ತಲೇ ಹೋಗಿ, ಕೊನೆಗೆ ಐದನೆಯವಳ ಬಳಿಗೇ ಬಂದ. ಅಕ್ಟೋಬರ್ 30ರಂದು ಎಫರ್ಡಿಂಗ್ ಊರಿನಲ್ಲಿ ಮದುವೆ.

ಇಂಥ ಬುದ್ಧಿವಂತನೂ ಇಷ್ಟು ಅಲೆದಾಡಿದನಲ್ಲ ಎಂದು ನನಗೆ ಸಮಾಧಾನವೂ ಆಯಿತು, ಭಯವೂ ಆಯಿತು. ನನ್ನ ಪ್ರಶ್ನೆ ಇಷ್ಟೇ: ಈ ವಿಷಯದಲ್ಲಿ ತರ್ಕ, ಪ್ರಯೋಗ ಎಷ್ಟು ದೂರ ಕೈಹಿಡಿಯುತ್ತವೆ? ತಿಳಿದವರು ಹೇಳಬೇಕು.

ದಾವಣಗೆರೆ ಗಣಿತ

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಕೆಪ್ಲರನ ಈ ಕಥೆಯನ್ನು ಪ್ರತಿ ವರ್ಷ ಸಂಭವನೀಯತೆಯ ಪಾಠದಲ್ಲಿ ಹೇಳುತ್ತಿದ್ದೆ. ಅದರ ಬಗ್ಗೆ ಹರಡಿರುವ ಒಂದು ತಪ್ಪನ್ನು ಮೊದಲು ತಿದ್ದಬೇಕು.

'ಮೂವತ್ತೇಳು ಶೇಕಡಾ ನಿಯಮ' ಎಂದು ಕೇಳಿರಬಹುದು. 1960ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಗಣಿತ ಅಂಕಣದಲ್ಲಿ ಬಂದ ಮೇಲೆ ಪ್ರಸಿದ್ಧವಾದ ಲೆಕ್ಕ ಅದು. ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಬೇಡ ಎಂದವರನ್ನು ಮತ್ತೆ ಕರೆಯುವಂತಿಲ್ಲ, ಎಲ್ಲರಲ್ಲೂ ಉತ್ತಮರಾದವರೇ ಬೇಕು. ಆಗ ಏನು ಮಾಡಬೇಕು? ಮೊದಲ 37 ಶೇಕಡಾ ಮಂದಿಯನ್ನು ಸುಮ್ಮನೆ ನೋಡಿ ಬಿಟ್ಟುಬಿಡಿ, ಆಮೇಲೆ ಅವರೆಲ್ಲರಿಗಿಂತ ಮೇಲಾದವರು ಯಾರು ಮೊದಲು ಬರುತ್ತಾರೋ ಅವರನ್ನು ಆರಿಸಿ. ಹನ್ನೊಂದು ಮಂದಿಯಿದ್ದರೆ ನಾಲ್ವರನ್ನು ಬಿಡಬೇಕು. ಕೆಪ್ಲರ್ ಮದುವೆಯಾದದ್ದು ಐದನೆಯವಳನ್ನು! ಇದನ್ನು ಕಂಡು ಹಲವರು 'ಕೆಪ್ಲರನಿಗೆ ನಿಯಮ ಒಳಗಿನಿಂದಲೇ ಗೊತ್ತಿತ್ತು' ಎಂದು ಬರೆದುಬಿಡುತ್ತಾರೆ.

ಹಾಗಲ್ಲ. ಅವನು ಐದರಲ್ಲಿ ನಿಲ್ಲಲಿಲ್ಲ. ಹನ್ನೊಂದನ್ನೂ ನೋಡಿ ಹಿಂದಕ್ಕೆ ಬಂದ. ನಿಯಮದ ಮೊದಲ ಷರತ್ತೇ ಹಿಂದಕ್ಕೆ ಬರುವಂತಿಲ್ಲ ಎಂಬುದು. ಸುಸಾನಾ ಅಷ್ಟು ದಿನವೂ ದಾರಿ ತೆರೆದಿಟ್ಟಿದ್ದಳು ಎಂಬುದರಿಂದ ಅವನು ಬಚಾವಾದ.

ಇನ್ನೊಂದು ಮಾತು. ನಿಯಮವನ್ನು ತಪ್ಪಿಲ್ಲದೆ ಪಾಲಿಸಿದರೂ ಹನ್ನೊಂದರಲ್ಲಿ ಅತ್ಯುತ್ತಮರು ಸಿಗುವ ಸಂಭವ ಸುಮಾರು 40 ಶೇಕಡಾ ಮಾತ್ರ. ತರಗತಿಯಲ್ಲಿ ಹನ್ನೊಂದು ಚೀಟಿಗಳ ಮೇಲೆ ಸಂಖ್ಯೆ ಬರೆದು, ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಮಕ್ಕಳಿಂದ ಒಂದೊಂದೇ ಎತ್ತಿಸುತ್ತಿದ್ದೆ. ಅತ್ಯುತ್ತಮ ಚೀಟಿ ಮೊದಲ ನಾಲ್ಕರಲ್ಲೇ ಬಂದುಹೋದರೆ ಆಟ ಅಲ್ಲಿಗೇ ಮುಗಿಯಿತು, ಕೊನೆಯ ಚೀಟಿಯವರೆಗೆ ಕಾದು ಬರಿಗೈಯಲ್ಲಿ ಕೂರಬೇಕು. ಆಗ ಹುಡುಗರ ಮುಖ ನೋಡಬೇಕಿತ್ತು. ನಿಯಮ ಸುಳ್ಳಲ್ಲ ಸ್ವಾಮಿ. ಅದಕ್ಕಿಂತ ಒಳ್ಳೆಯ ಉಪಾಯ ಆ ಷರತ್ತುಗಳಲ್ಲಿ ಇಲ್ಲ ಎಂದಷ್ಟೇ ಅದು ಹೇಳುತ್ತದೆ.

ತರ್ಕವೇ ಮೇಲು

ಚರ್ಚೆ ಆರಂಭಿಸಿದವರಿಗೆ: ನಿಮ್ಮ ನೋಟ್‌ಬುಕ್ ಬಗ್ಗೆ ಮುಜುಗರ ಬೇಡ. ನಮ್ಮ ಮನೆಗಳಲ್ಲಿ ಜಾತಕ ಹಿಡಿದು 36 ಗುಣಗಳಲ್ಲಿ ಎಷ್ಟು ಕೂಡಿಬಂದವು ಎಂದು ಎಣಿಸುತ್ತಾರೆ. ಅದೂ ಅಂಕಪಟ್ಟಿಯೇ. ನೀವು ಕಡೆಯಪಕ್ಷ ಮನುಷ್ಯರನ್ನು ನೋಡಿ ಅಂಕ ಹಾಕಿದ್ದೀರಿ.

ರಾಶಿಗೂ ದಾಂಪತ್ಯಕ್ಕೂ ಸಂಬಂಧ ಇದೆಯೇ ಎಂದು ದೊಡ್ಡ ಮಟ್ಟದಲ್ಲಿ ಪರೀಕ್ಷೆಯೂ ಆಗಿದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇವಿಡ್ ವೋಸ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಿಂದ ಸುಮಾರು ಒಂದು ಕೋಟಿ ದಂಪತಿಗಳ ಹುಟ್ಟಿದ ದಿನಗಳನ್ನು ತೆಗೆದು ನೋಡಿದರು. ಯಾವ ರಾಶಿಗೆ ಯಾವ ರಾಶಿ ಕೂಡುತ್ತದೆ ಎಂಬುದರ ಸುಳಿವೂ ಸಿಗಲಿಲ್ಲ. ಅದು ಅಲ್ಲಿನ ಸೂರ್ಯರಾಶಿಯ ಲೆಕ್ಕ, ನಮ್ಮ ನಕ್ಷತ್ರದ್ದಲ್ಲ ಎಂದು ಯಾರಾದರೂ ಹೇಳಬಹುದು. ಹಾಗಾದರೆ ನಮ್ಮದನ್ನೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಲಿ ಎಂಬುದು ನನ್ನ ಆಗ್ರಹ.

ಲೆಕ್ಕ ಹಾಕಿ ಗೆದ್ದವರೂ ಇದ್ದಾರೆ. ಲಾಸ್ ಏಂಜಲಿಸ್‌ನಲ್ಲಿ ಗಣಿತದ ಡಾಕ್ಟರೇಟ್‌ಗೆ ಓದುತ್ತಿದ್ದ ಕ್ರಿಸ್ ಮೆಕಿನ್ಲೆ 2012ರಲ್ಲಿ ಒಂದು ಜೊತೆ ಹುಡುಕುವ ಜಾಲತಾಣದಿಂದ 20,000 ಮಹಿಳೆಯರ ಉತ್ತರಗಳನ್ನು ಕಲೆಹಾಕಿದರು. ಅವನ್ನು ಗಣಕಯಂತ್ರದಿಂದ ಏಳು ಗುಂಪುಗಳಾಗಿ ವಿಂಗಡಿಸಿ, ತಮಗೆ ಹೊಂದುವ ಗುಂಪನ್ನು ಗುರುತಿಸಿ, ಆ ಗುಂಪಿನವರಿಗೆ ಮುಖ್ಯವೆನಿಸುವ ಪ್ರಶ್ನೆಗಳನ್ನು ಆರಿಸಿ ಪ್ರಾಮಾಣಿಕವಾಗಿ ಉತ್ತರ ತುಂಬಿದರು. ಕೊನೆಗೆ ಜೊತೆ ಸಿಕ್ಕಿತು. ಕಣ್ಣುಮುಚ್ಚಿ ಅದೃಷ್ಟವನ್ನು ನಂಬುವುದಕ್ಕಿಂತ ಇದು ಎಷ್ಟೋ ಮೇಲು.

ಮಲ್ಲಿಗೆ ಮೊಗ್ಗು

ತರ್ಕವೇ ಮೇಲು ಅವರೇ, ನೀವು ಹೇಳದೆ ಬಿಟ್ಟ ಎರಡು ವಿಷಯಗಳನ್ನು ನಾನು ಹೇಳುತ್ತೇನೆ. ಆ 20,000 ಉತ್ತರಗಳನ್ನು ಅವರು ಪಡೆದದ್ದು ಹನ್ನೆರಡು ಸುಳ್ಳು ಖಾತೆಗಳನ್ನು ತೆರೆದು. ಉತ್ತರ ಕೊಟ್ಟ ಹೆಂಗಸರಿಗೆ ಅದು ಗೊತ್ತಿರಲಿಲ್ಲ. ಮತ್ತೆ, ಜೊತೆ ಸಿಕ್ಕಿದ್ದು 88ನೆಯ ಭೇಟಿಯಲ್ಲಿ. 87 ಹೆಂಗಸರು ಅಲಂಕಾರ ಮಾಡಿಕೊಂಡು ಬಂದು ಕೂತು ಎದ್ದು ಹೋದರು. ಅವರ ಸಂಜೆಗಳ ಲೆಕ್ಕ ಯಾರೂ ಬರೆದಿಟ್ಟಿಲ್ಲ.

ನಾನು ಇಷ್ಟು ಬಿಗಿಯಾಗಿ ಬರೆಯಲು ಕಾರಣವಿದೆ. 1993ರಿಂದ 95ರವರೆಗೆ ನಮ್ಮ ಮನೆಗೆ ಒಂಬತ್ತು ಗಂಡಿನ ಕಡೆಯವರು ಬಂದು ಹೋದರು. ಶಿವಮೊಗ್ಗದ ಹಳೆಯ ಹೆಂಚಿನ ಮನೆ. ಪ್ರತಿ ಸಲವೂ ಅದೇ ಉಪ್ಪಿಟ್ಟು, ಅದೇ ಕೇಸರಿಬಾತು, ಅಕ್ಕನ ಮದುವೆಯಲ್ಲಿ ಕೊಂಡ ಅದೇ ಕಾಫಿ ಲೋಟಗಳು. ತಟ್ಟೆ ಹಿಡಿದು ಹಜಾರಕ್ಕೆ ಹೋಗುವಾಗ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಕೈ ನಡುಗುತ್ತದೆ ಎಂದು ಅವರಿಗೆ ಗೊತ್ತಾಗಬಾರದೆಂದು ಅಮ್ಮ ಲೋಟಗಳ ನಡುವೆ ಕರವಸ್ತ್ರ ಮಡಿಸಿ ಇಡುತ್ತಿದ್ದರು. ಆರನೆಯವರ ಕಡೆಯ ಹಿರಿಯರೊಬ್ಬರು ಎದ್ದು ಹೋಗುವಾಗ ಜೇಬಿನಿಂದ ಸಣ್ಣ ಡೈರಿ ತೆಗೆದು ಏನೋ ಗುರುತು ಹಾಕಿಕೊಂಡದ್ದನ್ನು ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಮೂವತ್ತು ವರ್ಷವಾಯಿತು, ಆ ಪೆನ್ನಿನ ಬಣ್ಣ ಇವತ್ತಿಗೂ ನೆನಪಿದೆ.

ಒಂಬತ್ತು ಮಂದಿಯಲ್ಲಿ ಒಬ್ಬರೂ ನನ್ನನ್ನು "ನಿನಗೇನು ಕೇಳಬೇಕಿದೆ?" ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿಯೂ ಪಟ್ಟಿ ಇತ್ತು. ಬ್ಯಾಂಕಿನ ಪರೀಕ್ಷೆ ಕಟ್ಟಲು ಬಿಡುತ್ತೀರಾ ಎಂಬುದೇ ಅದರ ಮೊದಲ ಸಾಲು.

ಕೆಪ್ಲರನ ಕಥೆಯಲ್ಲಿ ನನಗೆ ಹತ್ತಿರವೆನಿಸಿದ್ದು ಆ ನಾಲ್ಕನೆಯವಳು. ಅವಳ ಹೆಸರು ಈ ಕಥೆಗಳಲ್ಲಿ ಎಲ್ಲೂ ಬರುವುದಿಲ್ಲ. ಆದರೆ ಇಡೀ ಕಥೆಯಲ್ಲಿ ತಾನೂ ಆರಿಸುತ್ತಿದ್ದೇನೆ ಎಂದು ತೋರಿಸಿದವಳು ಅವಳು.

ಲಂಡನ್ನಿನಿಂದ

ಮಲ್ಲಿಗೆ ಮೊಗ್ಗು ಅಕ್ಕ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಡಾರ್ವಿನ್ ಬಗ್ಗೆ ಬರೆಯಬೇಕೆಂದಿದ್ದೆ, ಈಗ ಅದನ್ನು ಬೇರೆ ಕಡೆಯಿಂದ ಶುರು ಮಾಡುತ್ತೇನೆ.

1838ರ ಜುಲೈ. ಚಾರ್ಲ್ಸ್ ಡಾರ್ವಿನ್‌ಗೆ 29 ವರ್ಷ, ಬೀಗಲ್ ಹಡಗಿನ ಯಾತ್ರೆ ಮುಗಿಸಿ ಲಂಡನ್ನಿನಲ್ಲಿದ್ದ. ಒಂದು ಹಾಳೆಯ ಮೇಲೆ ಎರಡು ತಲೆಬರಹ ಹಾಕಿದ: ಮದುವೆಯಾಗುವುದು, ಆಗದಿರುವುದು. ಮದುವೆಯಾದರೆ: ಮಕ್ಕಳು, ಮುಪ್ಪಿಗೆ ಸಂಗಾತಿ, ಮನೆ ನೋಡಿಕೊಳ್ಳಲು ಒಬ್ಬರು, ನಾಯಿಗಿಂತ ಮೇಲು. ಹೌದು, ಹಾಗೆಯೇ ಬರೆದಿದ್ದಾನೆ. ಆಗದಿದ್ದರೆ: ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ, ಜಾಣರ ಜೊತೆ ಮಾತು, ನೆಂಟರ ಮನೆಗೆ ಹೋಗುವ ಕಟ್ಟುಪಾಡಿಲ್ಲ, ಪುಸ್ತಕಕ್ಕೆ ಹೆಚ್ಚು ಹಣ. ಕೊನೆಗೆ, ಹೊಗೆ ಹಿಡಿದ ಲಂಡನ್ ಮನೆಯಲ್ಲಿ ಜೀವನವಿಡೀ ಒಬ್ಬನೇ ಕೂತಿರುವುದನ್ನು ಕಲ್ಪಿಸಿಕೊಂಡು, 'ಮದುವೆ, ಮದುವೆ, ಮದುವೆ' ಎಂದು ಮೂರು ಸಲ ಬರೆದು, ರೇಖಾಗಣಿತದ ಪ್ರಮೇಯದ ಕೊನೆಯಲ್ಲಿ ಹಾಕುವಂತೆ 'ಸಾಧಿಸಲಾಯಿತು' ಎಂದು ಮುಗಿಸಿದ.

ಆ ಹಾಳೆಯಲ್ಲಿ ಅವನು ಮುಂದೆ ಮದುವೆಯಾದ ಎಮ್ಮಾಳ ಹೆಸರೇ ಇಲ್ಲ! ಮದುವೆ ಎಂಬ ಸ್ಥಿತಿಯ ಲೆಕ್ಕ ಇದೆ, ಮನುಷ್ಯಳ ಲೆಕ್ಕ ಇಲ್ಲ. ನವೆಂಬರ್ 11ರಂದು ಅವನು ತನ್ನ ಸೋದರಮಾವನ ಮಗಳು ಎಮ್ಮಾ ವೆಡ್ಜ್‌ವುಡ್‌ಳನ್ನು ಕೇಳಿದ, 1839ರ ಜನವರಿ 29ರಂದು ಮದುವೆಯಾಯಿತು. ಕೇಳುವ ಮೊದಲೇ ಅವನ ತಂದೆ ಎಚ್ಚರಿಸಿದ್ದರು: ದೇವರ ಬಗ್ಗೆ ನಿನಗಿರುವ ಸಂದೇಹಗಳನ್ನು ಹೆಂಡತಿಗೆ ಹೇಳಬೇಡ. ಅವನು ಹೇಳಿದ. ಎಮ್ಮಾ ಭಕ್ತೆ. ಮದುವೆಯಾದ ಕೆಲವೇ ದಿನಗಳಲ್ಲಿ ಅವನಿಗೊಂದು ಪತ್ರ ಬರೆದಳು. ಪ್ರಮಾಣವಿಲ್ಲದ್ದನ್ನು ನಂಬದಿರುವ ವಿಜ್ಞಾನದ ಅಭ್ಯಾಸವು, ಹಾಗೆ ಪ್ರಮಾಣಿಸಲಾಗದ ಸಂಗತಿಗಳ ವಿಷಯದಲ್ಲೂ ನಿಮ್ಮ ಮನಸ್ಸನ್ನು ಆಳದಿರಲಿ ಎಂಬುದು ಅದರ ಸಾರ. ಡಾರ್ವಿನ್ ಆ ಪತ್ರವನ್ನು ಜೀವಮಾನವಿಡೀ ಇಟ್ಟುಕೊಂಡ. ಅದರ ಅಂಚಿನಲ್ಲಿ, ನಾನು ಸತ್ತ ಮೇಲೆ ತಿಳಿ, ಇದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂದು ಅವಳಿಗಾಗಿ ಬರೆದಿಟ್ಟಿದ್ದಾನೆ.

ಎಣಿಸುವ ಗೀಳು ಬಿಟ್ಟಿತೆಂದಲ್ಲ. ಇಬ್ಬರೂ ಪ್ರತಿ ಸಂಜೆ ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು, ಪಗಡೆಯ ಹಾಗೆ ದಾಳ ಹಾಕುವ ಆಟ. 1876ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಲೆಕ್ಕ ಒಪ್ಪಿಸಿದ್ದಾನೆ: ತಾನು ಗೆದ್ದದ್ದು 2795, ಎಮ್ಮಾ ಗೆದ್ದದ್ದು 2490. ಐದು ಸಾವಿರಕ್ಕೂ ಮೀರಿದ ಸಂಜೆಯಾಟಗಳು! ಮದುವೆಯಾದರೆ ಸಂಜೆ ಓದಲಾಗುವುದಿಲ್ಲ ಎಂದು 1838ರ ಹಾಳೆಯಲ್ಲಿ ಹೆದರಿದ್ದವನು ಇವನೇ.

ಮಣ್ಣಿನ ಹುಡುಗ

ಲಂಡನ್ನಿನ ಅಣ್ಣ, ಡಾರ್ವಿನ್ ನಮ್ಮ ವಿಷಯಕ್ಕೆ ಹತ್ತಿರದವನು. 1881ರಲ್ಲಿ ಎರೆಹುಳುಗಳ ಮೇಲೆ ಅವನು ಬರೆದ ಪುಸ್ತಕವನ್ನು ನಮ್ಮಲ್ಲಿ ಈಗಲೂ ಓದುತ್ತಾರೆ. ಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ನೋಡಲು ಕುಂಡಗಳನ್ನು ಮನೆಯ ಪಿಯಾನೋ ಮೇಲಿಟ್ಟಿದ್ದ. ದನಿಗೆ ಅವು ಜಗ್ಗಲಿಲ್ಲ, ಮರದ ಮೂಲಕ ಕಂಪನ ತಲುಪಿದಾಗ ಮಾತ್ರ ಸರಕ್ಕನೆ ಬಿಲದೊಳಗೆ ಸರಿದವು. ಎಮ್ಮಾ ಒಳ್ಳೆಯ ಪಿಯಾನೋ ವಾದಕಿ. ಗಂಡನ ಹುಳುಗಳಿಗೆ ತನ್ನ ವಾದ್ಯದ ಮೇಲೆ ಜಾಗ ಕೊಟ್ಟವಳು ಎಂದು ಈಗ ಹೊಸದಾಗಿ ಅನಿಸುತ್ತಿದೆ.

ಸೋದರಮಾವನ ಮಗಳು ಎಂಬ ಮಾತು ಬಂದಿತಲ್ಲ, ಅದಕ್ಕೊಂದು ಪ್ರಶ್ನೆ. ನಮ್ಮ ಮನೆಯಲ್ಲೂ ಮೊದಲು ಅತ್ತೆಯ ಮಗಳ ಪ್ರಸ್ತಾಪವೇ ಬಂದಿತ್ತು. ನಾನೇ ಬೇಡ ಎಂದೆ. ಡಾರ್ವಿನ್ ಇದರ ಬಗ್ಗೆ ಯೋಚಿಸಿದ್ದನೇ?

ಲಂಡನ್ನಿನಿಂದ

ಯೋಚಿಸಿದ್ದಷ್ಟೇ ಅಲ್ಲ, ಅದು ಅವನನ್ನು ಕೊರೆಯಿತು. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ಹೋದರು. ಹತ್ತು ವರ್ಷದ ಆ್ಯನಿ 1851ರಲ್ಲಿ ಸತ್ತದ್ದು ಅವನನ್ನು ಮುರಿದುಹಾಕಿತು. ಸಸ್ಯಗಳಲ್ಲಿ ಸ್ವಕೀಯ ಪರಾಗಸ್ಪರ್ಶಕ್ಕಿಂತ ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಸಸಿಗಳು ಹುಲುಸಾಗಿ ಬೆಳೆಯುತ್ತವೆ ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡವನು ಅವನು. ಮನುಷ್ಯರಲ್ಲಿ ಹೇಗೆ ಎಂದು ತಿಳಿಯಲು, 1871ರ ಜನಗಣತಿಯಲ್ಲಿ ರಕ್ತಸಂಬಂಧದ ಮದುವೆಯ ಪ್ರಶ್ನೆ ಸೇರಿಸಬೇಕೆಂದು ಸಂಸದ ಜಾನ್ ಲಬಕ್ ಮೂಲಕ ಪ್ರಯತ್ನಿಸಿದ. ಸಂಸತ್ತು ಒಪ್ಪಲಿಲ್ಲ. ಕೊನೆಗೆ ಮಗ ಜಾರ್ಜ್ 1875ರಲ್ಲಿ ತಾನೇ ಮಾಹಿತಿ ಕಲೆಹಾಕಿ, ಅಪಾಯ ಇದ್ದರೂ ಹೆದರಿದಷ್ಟು ದೊಡ್ಡದಲ್ಲ ಎಂಬ ತೀರ್ಮಾನಕ್ಕೆ ಬಂದ. ಮೈಸೂರು, ಬೆಂಗಳೂರು ಭಾಗದಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯೂ ನಡೆಯುವುದರಿಂದ ನಮ್ಮ ರಾಜ್ಯದಲ್ಲೂ ನವಜಾತ ಶಿಶುಗಳ ಮೇಲೆ ಇಂಥ ಅಧ್ಯಯನಗಳು ನಡೆದಿವೆ. ಇಂಥ ಸಂಬಂಧದ ಯೋಚನೆ ಇರುವವರು ತಳಿ ವೈದ್ಯರನ್ನು ಮೊದಲು ಕಾಣುವುದು ಒಳ್ಳೆಯದು. ಲೆಕ್ಕ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಅದು.

ಮನಸ್ಸಿನ ಪಾಠ

ಧಾರವಾಡದಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಇದುವರೆಗೆ ಬಂದವು ವಿಜ್ಞಾನಿಗಳ ಸ್ವಂತ ಬದುಕಿನ ಕಥೆಗಳು. ಪ್ರೀತಿಯನ್ನೇ ಪ್ರಯೋಗಕ್ಕೆ ಒಡ್ಡಿದವರ ಬಗ್ಗೆ ನಾನು ಬರೆಯುತ್ತೇನೆ. ಅದು ಸುಲಭವಾಗಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. 1975ರಲ್ಲಿ ಅಮೆರಿಕದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್, ಜನ ಯಾಕೆ ಪ್ರೀತಿಸುತ್ತಾರೆ ಎಂದು ತಿಳಿಯಲು ಸರ್ಕಾರ 84,000 ಡಾಲರ್ ಕೊಟ್ಟದ್ದನ್ನು ಸಾರ್ವಜನಿಕ ದುಂದು ಎಂದು ಹೀಯಾಳಿಸಿದರು. ಆ ಅಧ್ಯಯನ ಮಾಡುತ್ತಿದ್ದವರು ಮಹಿಳಾ ಸಂಶೋಧಕರು. ಅವರು ಎದೆಗುಂದದೆ ಮುಂದುವರಿಸಿದ್ದರಿಂದಲೇ ಇಂದು ನನ್ನಂಥವರಿಗೆ ಪಾಠ ಹೇಳಲು ಸಾಮಗ್ರಿ ಇದೆ.

ತುಂಬ ಪ್ರಸಿದ್ಧವಾದದ್ದು 1974ರ ಸೇತುವೆ ಪ್ರಯೋಗ. ಕೆನಡಾದ ವ್ಯಾಂಕೂವರ್ ಬಳಿಯ ಕಪಿಲಾನೋ ತೂಗುಸೇತುವೆ, ನೆಲದಿಂದ 70 ಮೀಟರ್ ಎತ್ತರ, ಕಾಲಿಟ್ಟರೆ ತೂಗಾಡುತ್ತದೆ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಏರನ್ ಅದರ ಮೇಲೆ ಒಬ್ಬ ಯುವತಿಯನ್ನು ನಿಲ್ಲಿಸಿದರು. ದಾಟುವ ಯುವಕರಿಂದ ಆಕೆ ಒಂದು ಪ್ರಶ್ನಾವಳಿ ತುಂಬಿಸಿ, ಹೆಚ್ಚಿನ ವಿವರ ಬೇಕಿದ್ದರೆ ಕರೆ ಮಾಡಿ ಎಂದು ದೂರವಾಣಿ ಸಂಖ್ಯೆ ಕೊಡುತ್ತಿದ್ದಳು. ತಗ್ಗಿನ ಗಟ್ಟಿ ಸೇತುವೆಯ ಮೇಲೂ ಹೀಗೆಯೇ. ತೂಗುಸೇತುವೆಯಲ್ಲಿ ಸಂಖ್ಯೆ ಪಡೆದ 18 ಜನರಲ್ಲಿ 9 ಮಂದಿ ಕರೆ ಮಾಡಿದರು, ಗಟ್ಟಿ ಸೇತುವೆಯ 16ರಲ್ಲಿ ಇಬ್ಬರು. ಭಯದ ಎದೆಬಡಿತವನ್ನು ಆಕರ್ಷಣೆ ಎಂದು ಮನಸ್ಸು ತಪ್ಪಾಗಿ ಓದಿಕೊಂಡಿತು ಎಂಬುದು ಅವರ ವಿವರಣೆ. ಚಿಕ್ಕ ಸಂಖ್ಯೆಗಳು, ಆದ್ದರಿಂದ ಅತಿಯಾಗಿ ನೆಚ್ಚಬಾರದು. ಮತ್ತೆ, ಮಲ್ಲಿಗೆ ಮೊಗ್ಗು ಅವರ ಬರಹ ಓದಿದ ಮೇಲೆ ನನಗೆ ಹೊಳೆದದ್ದು: ಪ್ರಯೋಗಕ್ಕೆ ಒಳಗಾದವರೆಲ್ಲ ಗಂಡಸರು. ಆ ಯುವತಿ ಒಂದು ಉಪಕರಣವಾಗಿದ್ದಳು. ಹದಿನೈದು ವರ್ಷ ಇದನ್ನು ಕಲಿಸಿದ್ದೇನೆ, ಅವಳ ಎದೆಬಡಿತ ಏನಾಗಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಈಗ ನೋಟ್‌ಬುಕ್ ವಿಷಯ. 2017ರಲ್ಲಿ ಸಮಂತಾ ಜೋಯಲ್, ಪಾಲ್ ಈಸ್ಟ್‌ವಿಕ್, ಎಲೈ ಫಿಂಕೆಲ್ ಎಂಬ ಮೂವರು ಪ್ರಕಟಿಸಿದ ಅಧ್ಯಯನ ನಿಮ್ಮ ಹದಿನಾಲ್ಕು ಕಾಲಂಗಳಿಗೆ ನೇರವಾಗಿ ಉತ್ತರಿಸುತ್ತದೆ. ವಿದ್ಯಾರ್ಥಿಗಳಿಂದ ನೂರಕ್ಕೂ ಹೆಚ್ಚು ಗುಣ, ಅಭಿರುಚಿ, ಅಪೇಕ್ಷೆಗಳನ್ನು ಬರೆಸಿಕೊಂಡರು. ಆಮೇಲೆ ಒಬ್ಬೊಬ್ಬರನ್ನೂ ಹಲವರ ಜೊತೆ ಕೆಲವೇ ನಿಮಿಷ ಮಾತಾಡಲು ಬಿಟ್ಟರು. ಯಾರು ಸಾಮಾನ್ಯವಾಗಿ ಬೇಗ ಮೆಚ್ಚುತ್ತಾರೆ, ಯಾರನ್ನು ಸಾಮಾನ್ಯವಾಗಿ ಎಲ್ಲರೂ ಮೆಚ್ಚುತ್ತಾರೆ ಎಂಬುದನ್ನು ಗಣಕಯಂತ್ರ ತಕ್ಕಮಟ್ಟಿಗೆ ಹೇಳಿತು. ಆದರೆ ಈ ಇವನಿಗೆ ಆ ಅವಳೇ ವಿಶೇಷವಾಗಿ ಹಿಡಿಸುತ್ತಾಳೆಯೇ ಎಂಬುದನ್ನು ಎಳ್ಳಷ್ಟೂ ಹೇಳಲಾಗಲಿಲ್ಲ. 2020ರಲ್ಲಿ 43 ಅಧ್ಯಯನಗಳ 11,000ಕ್ಕೂ ಹೆಚ್ಚು ಜೋಡಿಗಳ ಮಾಹಿತಿ ಒಟ್ಟುಮಾಡಿದಾಗಲೂ, ಒಬ್ಬೊಬ್ಬರ ಗುಣಗಳಿಗಿಂತ 'ನನ್ನ ಜೊತೆಗಾರರು ನನ್ನ ಕೈ ಬಿಡುವವರಲ್ಲ' ಎಂಬಂಥ, ಇಬ್ಬರ ನಡುವಿನ ಅನುಭವಗಳೇ ಹೆಚ್ಚು ತೂಗಿದವು. ನೀವು ನೋಡಲು ಹೋದ ಮನೆಯ ಹಜಾರದಲ್ಲಿ ಆ ಕಾಲಂ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಹಿರಿಯರು ಮಾಡಿಸಿದ ಮದುವೆಯಲ್ಲಿ ಪ್ರೀತಿ ನಿಧಾನವಾಗಿ ಬೆಳೆದು ಪ್ರೇಮವಿವಾಹವನ್ನು ಮೀರಿಸುತ್ತದೆ ಎಂದು ಜೈಪುರದ 1982ರ ಅಧ್ಯಯನ ತೋರಿಸಿತ್ತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಐವತ್ತು ಜೋಡಿಗಳದ್ದು. ಅಮೆರಿಕದಲ್ಲಿರುವ ಭಾರತೀಯರ ಮೇಲೆ 2012ರಲ್ಲಿ ಬಂದ ಅಧ್ಯಯನದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಕಡೆಯವರು ಇದನ್ನು ಆಯುಧ ಮಾಡಿಕೊಳ್ಳದಿದ್ದರೆ ಒಳ್ಳೆಯದು.

ಸುಳ್ಯದ ಸೇತುವೆ

ನಮ್ಮೂರಿನ ಕಡೆ ಹೊಳೆಗೆ ತೂಗುಸೇತುವೆಗಳೇ ದಾರಿ. ಶಾಲೆಯ ಮಕ್ಕಳು ಚೀಲ ಹೊತ್ತು ಓಡುತ್ತಾರೆ, ಹಾಲಿನ ಕ್ಯಾನ್ ಹಿಡಿದವರು ನಡುವೆ ನಿಂತು ಮಾತಾಡುತ್ತಾರೆ. ಯಾರ ಎದೆಯೂ ಬಡಿದುಕೊಳ್ಳುವುದಿಲ್ಲ. ಆ ಪ್ರಯೋಗವನ್ನು ಇಲ್ಲಿ ಮಾಡಿದ್ದರೆ ಬೇರೆ ಉತ್ತರ ಬರುತ್ತಿತ್ತು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಪ್ರಯೋಗ ಎಲ್ಲಿ, ಯಾರ ಮೇಲೆ ನಡೆಯಿತು ಎಂಬುದನ್ನು ಬಿಟ್ಟು ಫಲಿತಾಂಶ ಮಾತ್ರ ಹರಡಬಾರದು.

ತರ್ಕವೇ ಮೇಲು

ಮಲ್ಲಿಗೆ ಮೊಗ್ಗು ಅವರೇ, ಸುಳ್ಳು ಖಾತೆಗಳ ವಿಷಯ ನನಗೆ ಗೊತ್ತಿತ್ತು. ಮುಖ್ಯವಲ್ಲ ಎಂದು ಬಿಟ್ಟಿದ್ದೆ. ಅದು ತಪ್ಪು, ಒಪ್ಪುತ್ತೇನೆ.

ಆದರೆ ತರ್ಕವನ್ನು ಕೈಬಿಡುವುದಿಲ್ಲ. ನೀವು ಹೇಳಿದ್ದನ್ನೇ ತರ್ಕ ಇನ್ನೂ ಖಚಿತವಾಗಿ ಹೇಳುತ್ತದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಒಂದು ಪ್ರಮೇಯ ಸಾಧಿಸಿದರು. ಇಷ್ಟು ಗಂಡು, ಇಷ್ಟು ಹೆಣ್ಣು, ಪ್ರತಿಯೊಬ್ಬರಿಗೂ ತಮ್ಮದೇ ಮೆಚ್ಚುಗೆಯ ಕ್ರಮ. ಒಂದು ಕಡೆಯವರು ಹೋಗಿ ಕೇಳುತ್ತಾರೆ, ಇನ್ನೊಂದು ಕಡೆಯವರು ಸದ್ಯಕ್ಕೆ ಒಪ್ಪಿಕೊಂಡು, ಇನ್ನೂ ಉತ್ತಮರು ಬಂದರೆ ಬದಲಿಸುತ್ತಾರೆ. ಕೊನೆಯಲ್ಲಿ ಯಾವ ಜೋಡಿಯೂ ಮುರಿದು ಹೋಗದಂಥ ಹೊಂದಾಣಿಕೆ ಖಂಡಿತ ಸಿಗುತ್ತದೆ. ಆದರೆ ಅಂಥ ಹೊಂದಾಣಿಕೆಗಳು ಹಲವಿದ್ದರೆ, ಎದ್ದು ಹೋಗಿ ಕೇಳಿದವರಿಗೆ ಅವುಗಳಲ್ಲೆಲ್ಲ ಉತ್ತಮವಾದದ್ದು ಸಿಗುತ್ತದೆ, ಕಾದು ಕೂತವರಿಗೆ ಎಲ್ಲಕ್ಕಿಂತ ಕನಿಷ್ಠವಾದದ್ದು! ಶಾಪ್ಲಿ 2012ರಲ್ಲಿ ನೊಬೆಲ್ ಪಡೆದರು. ತಟ್ಟೆ ಹಿಡಿದು ಹಜಾರಕ್ಕೆ ಬರುವವರು ಯಾರು, ಸೋಫಾದ ಮೇಲೆ ಕೂರುವವರು ಯಾರು ಎಂಬುದು ಬರೀ ಸಂಪ್ರದಾಯದ ಮಾತಲ್ಲ, ಫಲಿತಾಂಶವನ್ನೇ ಅದು ಬದಲಿಸುತ್ತದೆ. ಇದನ್ನು ಹತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಓದಿದ್ದೆ. ನಮ್ಮ ಅಕ್ಕನನ್ನು ನೋಡಲು ಬಂದಾಗ ಅದು ನೆನಪಿಗೆ ಬರಬೇಕಿತ್ತು.

ಹೊಸ ಪುಟ

ನಾನು ವಿಚ್ಛೇದಿತೆ. ಆರಿಸುವುದರ ಬಗ್ಗೆ ಇಷ್ಟು ಮಾತಾಯಿತು, ಆಮೇಲಿನದರ ಬಗ್ಗೆ ಒಂದಿಷ್ಟು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಒಂದು ಮನೆಯಂಥ ಪ್ರಯೋಗಾಲಯ ಮಾಡಿ, ಹೊಸದಾಗಿ ಮದುವೆಯಾದ 130 ದಂಪತಿಗಳನ್ನು ಗಮನಿಸಿದರು. ಒಬ್ಬರು ಕಿಟಕಿಯಾಚೆ ನೋಡಿ "ಆ ದೋಣಿ ಎಷ್ಟು ಚೆನ್ನಾಗಿದೆ" ಎನ್ನುತ್ತಾರೆ. ಇನ್ನೊಬ್ಬರು ತಲೆಯೆತ್ತಿ ನೋಡುತ್ತಾರೋ, ಇಲ್ಲವೋ? ಆರು ವರ್ಷದ ಬಳಿಕ ಜೊತೆಯಲ್ಲೇ ಇದ್ದವರು ಅಂಥ ಕರೆಗಳಲ್ಲಿ 86 ಶೇಕಡಾಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33 ಶೇಕಡಾಕ್ಕೆ. ವಿಚ್ಛೇದನವನ್ನು 90 ಶೇಕಡಾಕ್ಕೂ ಮೀರಿ ಮುಂಚಿತವಾಗಿ ಹೇಳಬಲ್ಲೆವು ಎಂದು ಅವರು ಹೇಳಿಕೊಂಡದ್ದನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಫಲಿತಾಂಶ ಗೊತ್ತಾದ ಮೇಲೆ ಅದೇ ಜೋಡಿಗಳ ಮಾಹಿತಿಗೆ ಸೂತ್ರ ಹೊಂದಿಸಿದರೆ ಅದು ಭವಿಷ್ಯ ಹೇಳಿದಂತಾಗುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ.

ಆದರೂ ಆ ದೋಣಿಯ ಉದಾಹರಣೆ ಓದಿದ ದಿನ ನನಗೆ ನನ್ನ ಮನೆಯ ಬಾಲ್ಕನಿ ನೆನಪಾಯಿತು. ಎದುರಿನ ಮರದಲ್ಲಿ ಪ್ರತಿ ಮಾರ್ಚ್‌ನಲ್ಲಿ ಕೋಗಿಲೆ ಕೂಗುತ್ತಿತ್ತು. ಮೊದಲ ವರ್ಷ ಹೇಳಿದೆ, ಎರಡನೆಯ ವರ್ಷವೂ ಹೇಳಿದೆ. ಮೂರನೆಯ ವರ್ಷ ಹೇಳಲಿಲ್ಲ. ನಮ್ಮ ಜಾತಕವೂ ಕೂಡಿತ್ತು, ಸಂಬಳ, ಓದು ಎಲ್ಲವೂ ಸರಿಸಮ ಇತ್ತು.

ದಾವಣಗೆರೆ ಗಣಿತ

ಈ ಚರ್ಚೆಯನ್ನು ನಿನ್ನೆ ರಾತ್ರಿ ನನ್ನ ಹೆಂಡತಿಗೆ ಓದಿ ಹೇಳಿದೆ. ಮಲ್ಲಿಗೆ ಮೊಗ್ಗು ಅವರ ಮಾತು ಮುಗಿದಾಗ, 1984ರಲ್ಲಿ ನಾನು ನೋಡಲು ಬಂದಾಗ ನಿನ್ನ ಬಳಿಯೂ ಪಟ್ಟಿ ಇತ್ತೇ ಎಂದು ಕೇಳಿದೆ. ಪಟ್ಟಿ ಇರಲಿಲ್ಲ, ಆದರೆ ಅದಕ್ಕೆ ಮೊದಲು ಇಬ್ಬರನ್ನು ಬೇಡ ಅಂದಿದ್ದೆ ಎಂದಳು. ನಲವತ್ತು ವರ್ಷಗಳಿಂದ ನನಗಿದು ಗೊತ್ತಿರಲಿಲ್ಲ. ನನ್ನನ್ನು ಯಾಕೆ ಒಪ್ಪಿದೆ ಎಂದರೆ, ಅಂದು ಮಳೆ ಶುರುವಾದಾಗ ನಾನು ಮಾತಿನ ನಡುವೆ ಎದ್ದು, ಅಂಗಳದಲ್ಲಿದ್ದ ಎಲ್ಲರ ಚಪ್ಪಲಿಗಳನ್ನೂ ಸೂರಿನ ಕೆಳಗೆ ಎತ್ತಿಟ್ಟೆನಂತೆ. ಅಡುಗೆಮನೆಯ ಕಿಟಕಿಯಿಂದ ನೋಡಿದಳಂತೆ. ನನಗೆ ಆ ಮಳೆಯೇ ನೆನಪಿಲ್ಲ.

ಕೆಪ್ಲರನ ಕಥೆಯಲ್ಲಿ ನಾನು ಪಾಠದಲ್ಲಿ ಹೇಳುತ್ತಿದ್ದ ಇನ್ನೊಂದು ಭಾಗವಿದೆ. ಸುಸಾನಾಳ ಜೊತೆ ಸಂಸಾರ ಹೂಡಿದ ಆ ವರ್ಷ ದ್ರಾಕ್ಷಾರಸದ ಫಸಲು ಚೆನ್ನಾಗಿತ್ತು, ಡ್ಯಾನ್ಯೂಬ್ ನದಿಯ ದಂಡೆಯ ತುಂಬ ಪೀಪಾಯಿಗಳು. ಮನೆಗೆ ಕೆಲವನ್ನು ಕೊಂಡ. ಮಾರುವವನು ಬಂದು ಪೀಪಾಯಿಯ ತೂತಿನಲ್ಲಿ ಒಂದು ಕೋಲನ್ನು ಓರೆಯಾಗಿ ಇಳಿಸಿ, ಒದ್ದೆಯಾದ ಗುರುತು ನೋಡಿ ಬೆಲೆ ಹೇಳಿದ. ಪೀಪಾಯಿಯ ಆಕಾರ ಬೇರೆಬೇರೆಯಾಗಿದ್ದರೂ ಅದೇ ಕೋಲು. ಇದು ಹೇಗೆ ಸರಿಯಾದೀತು ಎಂದು ಕೆಪ್ಲರ್ ಹಿಡಿದು ಕೂತ. ಅದರಿಂದ 1615ರಲ್ಲಿ ಒಂದು ಪುಸ್ತಕವೇ ಆಯಿತು, ಕಲನಶಾಸ್ತ್ರದ ಬೀಜ ಅದರಲ್ಲಿದೆ. ಆಸ್ಟ್ರಿಯಾದ ಪೀಪಾಯಿಗಳ ಅಳತೆ, ಆ ಕೋಲಿಗೆ ಹಿಡಿಯಬಹುದಾದ ಗರಿಷ್ಠ ಗಾತ್ರದ ಹತ್ತಿರವೇ ಇದೆ ಎಂದು ಕಂಡುಕೊಂಡ. ಗರಿಷ್ಠದ ಆಸುಪಾಸಿನಲ್ಲಿ ಆಕಾರ ಅತ್ತಿತ್ತ ಸ್ವಲ್ಪ ಬದಲಾದರೂ ಒಳಗೆ ಹಿಡಿಯುವುದರಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸ ಆಗುವುದಿಲ್ಲ.

ಮಣ್ಣಿನ ಹುಡುಗ ಅವರೇ, ನಿಮ್ಮ ಪಟ್ಟಿಯಲ್ಲಿ 104 ಅಂಕದವರಿಗೂ 101 ಅಂಕದವರಿಗೂ ನಡುವೆ ನೀವು ನಿದ್ದೆಗೆಡುತ್ತಿದ್ದರೆ, ದಯವಿಟ್ಟು ಈ ಪೀಪಾಯಿಯನ್ನು ನೆನಪು ಮಾಡಿಕೊಳ್ಳಿ.

ಮಣ್ಣಿನ ಹುಡುಗ

ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದ್ದೇನೆ.

ಮೂರನೆಯ ಮನೆಯ ಒಂಬತ್ತು ಅಂಕ ಯಾತಕ್ಕೆಂದು ನೆನಪಾಯಿತು. ಹೊರಡುವ ಹೊತ್ತಿನಲ್ಲಿ ಆಕೆ, "ಮಣ್ಣಿನಲ್ಲಿ ನೀವು ಹುಡುಕುವುದು ಕಣ್ಣಿಗೆ ಕಾಣುತ್ತದೆಯೇ?" ಎಂದು ಕೇಳಿದ್ದರು. ಆರು ಮನೆಗಳಲ್ಲಿ ನನ್ನ ಕೆಲಸದ ಬಗ್ಗೆ ಸಂಬಳ ಬಿಟ್ಟು ಬೇರೇನಾದರೂ ಕೇಳಿದವರು ಅವರೊಬ್ಬರೇ. ಉತ್ತರಿಸುವ ಮೊದಲೇ ನಮ್ಮ ಮಾವ ಕಾರಿನ ಬಾಗಿಲು ತೆರೆದಿದ್ದರು. ಆಮೇಲೆ ಉಳಿದ ಕಾಲಂಗಳ ಮೊತ್ತ ಕಡಿಮೆಯಾಯಿತೆಂದು ನಾನು ಮುಂದಿನ ಮನೆಗೆ ಹೋದೆ.

ಅಮ್ಮನಿಗೆ ಹೇಳಿದೆ. ಆರು ತಿಂಗಳಾಗಿದೆ, ಕೆಪ್ಲರನ ನಾಲ್ಕನೆಯವಳ ಹಾಗೆ ಆಗಿರಬಹುದು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಫೋನ್ ಮಾಡಿ, ಮೊದಲು ಇಷ್ಟು ದಿನ ಉತ್ತರ ಹೇಳದೆ ಇದ್ದುದಕ್ಕೆ ಕ್ಷಮೆ ಕೇಳಿದರು. ಅವರ ಕಡೆಯಿಂದ ಎರಡು ದಿನ ಸುದ್ದಿ ಇರಲಿಲ್ಲ.

ಮಲ್ಲಿಗೆ ಮೊಗ್ಗು

ಆಮೇಲೆ? ಅವರು ಬೇಡ ಎಂದಿದ್ದರೂ ಬರೆಯಿರಿ. ಅದೂ ಅವರ ಹಕ್ಕು.

ಮಣ್ಣಿನ ಹುಡುಗ

ಬೇಡ ಎಂದಿಲ್ಲ ಅಕ್ಕ, ಹೂಂ ಎಂದೂ ಹೇಳಿಲ್ಲ. "ಇನ್ನೊಮ್ಮೆ ಮನೆಗೆ ಬರುವುದು ಬೇಡ, ಅವರು ಕೆಲಸ ಮಾಡುವ ಜಾಗವನ್ನು ನಾನು ನೋಡಬೇಕು" ಎಂದು ಆಕೆ ಹೇಳಿ ಕಳಿಸಿದ್ದಾರೆ. ಶನಿವಾರ ಅಣ್ಣನ ಜೊತೆ ಬರುತ್ತಾರೆ. ನಮ್ಮ ಮಾರ್ಗದರ್ಶಕರ ಅನುಮತಿ ಪಡೆದಿದ್ದೇನೆ. ಜೋಳದ ಬೇರಿನೊಳಗೆ ಶಿಲೀಂಧ್ರ ಸೇರಿಕೊಂಡು ಪುಟ್ಟ ಪುಟ್ಟ ಮರಗಳಂತೆ ಕವಲೊಡೆಯುತ್ತದೆ. ನೀಲಿ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇವತ್ತು ಮಧ್ಯಾಹ್ನ ಮೂರು ಸ್ಲೈಡ್ ಮಾಡಿದೆ, ಎರಡು ಮಸುಕಾಗಿವೆ. ನಾಳೆ ಬೆಳಿಗ್ಗೆ ಹೊಸ ಬೇರು ತಂದು ಮತ್ತೆ ಮಾಡಬೇಕು.